ಶುಕ್ರವಾರವೂ ಹಣ ಕೊಟ್ಟ ಅಂಗಡಿ

ಯಾದಗಿರಿ, ಶಹಾಪುರ, ಸುರಪುರದ ಕಿರಾಣಿ ಅಂಗಡಿಗಳಲ್ಲಿ ಶುಕ್ರವಾರ ದೀಪ ಹಚ್ಚಿದ ಮೇಲೆ ಯಾರಿಗೂ ಹಣ ಕೊಡುವುದಿಲ್ಲ. ಅಮಾವಾಸ್ಯೆಯ ದಿನವೂ ಅಷ್ಟೆ. ಗಿರಾಕಿಯಿಂದ ತೆಗೆದುಕೊಳ್ಳುತ್ತಾರೆ, ಗಲ್ಲಾಪೆಟ್ಟಿಗೆಯಿಂದ ಹೊರಗೆ ಹಾಕುವುದಿಲ್ಲ. ವಸೂಲಿಗೆ ಹೋದವನಿಗೆ ಚಹಾ ಕುಡಿಸಿ, "ನಾಳಿ ಬರ್ರಿ" ಎಂದು ಕೈಮುಗಿಯುತ್ತಾರೆ. ಫೋನಿನಲ್ಲಿ ಹಣ ಕಳಿಸುವ ಕಾಲ ಬಂದ ಮೇಲೂ ಇದು ಹೋಗಿಲ್ಲ. ಶಹಾಪುರದ ಒಬ್ಬ ಅಂಗಡಿಯವನಿಗೆ ಒಮ್ಮೆ, "ಫೋನಿನಾಗ ಹಾಕ್ರಿ. ಲಕ್ಷ್ಮಿ ಎಲ್ಲಿ ಹೊರಗ ಹೋಗ್ತಾಳ, ಬರೇ ನಂಬರ್ ಹೋಗ್ತದ" ಎಂದು ಹೇಳಿ ನೋಡಿದೆ. "ನಂಬರ್ ಹೋದ ಮ್ಯಾಲ ನನ್ನ ಹತ್ರ ಉಳಿಯೋದು ಬರೇ ಫೋನ್ರಿ ಕಾಕಾ" ಎಂದ. ನಗುತ್ತಾ ಎದ್ದು ಬಂದೆ.

ಆದ್ದರಿಂದ ಸುರಪುರದ ಒಬ್ಬ ಅಂಗಡಿಯವನು ಒಂದು ಶುಕ್ರವಾರ ಸಂಜೆ, ದೇವರ ಫೋಟೋದ ಮುಂದೆ ದೀಪ ಉರಿಯುತ್ತಿರುವಾಗಲೇ, ನನ್ನ ಕೈಗೆ ನೋಟಿನ ಕಟ್ಟು ಇಟ್ಟಾಗ ನಾನು ಅಲ್ಲಿಯೇ ನಿಂತು ಯೋಚಿಸಬೇಕಿತ್ತು. ಅವನ ಹೆಂಡತಿ ಒಳಗಿನಿಂದ ಕೂಗಿ ಹೇಳಿದಳು.

"ಈಗರ ದೀಪ ಹಚ್ಚೀನಿ. ಒಂದ್ ರಾತ್ರಿ ತಡದ್ರ ಏನಾಗ್ತದ?"

"ಗಡುವು ಇವತ್ತಿಗೇ ಅದ. ಕಾಕಾರಿಗೆ ಯಾಕ ಎರಡ್ ಸಲ ತಿರಗಸ್ಲಿ?" ಎಂದ ಅವನು. ಮುಖದಲ್ಲಿ ನಗು ಇತ್ತು. ಎಣಿಸುವಾಗ ಬೆರಳಿಗೆ ಎಂಜಲು ಹಚ್ಚಿಕೊಳ್ಳುವುದನ್ನೂ ಮರೆತು ಒಂದೇ ನೋಟನ್ನು ಎರಡು ಸಲ ಎಣಿಸಿದ.

ನಾನು ಯಾದಗಿರಿಯ ಒಬ್ಬ ಸಗಟು ವ್ಯಾಪಾರಿಯ ಕಡೆಯ ಲೈನ್ ಮನುಷ್ಯನಾಗಿದ್ದೆ. ಹತ್ತನೆಯ ಇಯತ್ತೆ ಮುಗಿಸಿದವನಿಗೆ ಸಿಕ್ಕ ಕೆಲಸ, ಅದರಲ್ಲೇ ಮುದುಕನಾದೆ. ಎಣ್ಣೆ, ಸಕ್ಕರೆ, ಚಹಾಪುಡಿ, ಸಾಬೂನಿನ ಆರ್ಡರ್ ಬರೆದುಕೊಳ್ಳುವವನೂ ನಾನೇ, ಹಣ ವಸೂಲು ಮಾಡುವವನೂ ನಾನೇ. ಮಾಲು ಉದ್ರಿ ಹೋಗುತ್ತದೆ, ಮೂರು ವಾರದಲ್ಲಿ ಹಣ ಬರಬೇಕು. ನಗದಿಗೆ ಕೊಂಡರೆ ನೂರಕ್ಕೆ ಎರಡು ರೂಪಾಯಿ ಬಿಡುತ್ತೇವೆ. ನನಗೆ ಕಮಿಷನ್ ಸಿಗುವುದು ಎತ್ತಿದ ಮಾಲಿನ ಮೇಲೆ. ಬಿಲ್ಲಿನ ಗಡುವು ಮೀರಿದರೆ ಆ ಕಮಿಷನ್ ಕಟ್. ಅಂದರೆ ಅಂಗಡಿಯವನು ಹೆಚ್ಚು ಮಾಲು ಎತ್ತಬೇಕು, ತಪ್ಪದೆ ಹಣ ಕೊಡಬೇಕು. ನಡುವೆ ಅವನಿಗೆ ಲಾಭವಾಯಿತೋ ಇಲ್ಲವೋ ಎಂಬುದು ನನ್ನ ಹಿಸಾಬಿನಲ್ಲಿ ಎಲ್ಲಿಯೂ ಇರಲಿಲ್ಲ.

ಸುರಪುರದವನದು ಕೃಷ್ಣಾ ನದಿಯ ದಂಡೆಯ ಮನೆತನ. ತಂದೆ ಮೀನು ಹಿಡಿದು ಮಾರುತ್ತಿದ್ದವರು. ಇವನೊಬ್ಬನೇ ಪೇಟೆಗೆ ಬಂದು ಮಳಿಗೆ ಬಾಡಿಗೆಗೆ ಹಿಡಿದು, ಗಂಡ ಹೆಂಡತಿ ಇಬ್ಬರೂ ನಿಂತು ಅಂಗಡಿ ಬೆಳೆಸಿದ್ದರು. ಮೊದಲೆಲ್ಲ ಅವನು ಬೇಕಾದಷ್ಟೇ ಮಾಲು ತೆಗೆದುಕೊಳ್ಳುತ್ತಿದ್ದ, ಅರ್ಧ ನಗದಿ, ಅರ್ಧ ಉದ್ರಿ. ಶುಕ್ರವಾರ ಹೋದರೆ ಎಲ್ಲರಂತೆ ಚಹಾ ಕುಡಿಸಿ ಕಳಿಸುತ್ತಿದ್ದ. ದೀಪಾವಳಿಗೆ ಮುಂಚೆ ಎಣ್ಣೆಯ ಮೇಲೆ ಒಂದು ಸ್ಕೀಮ್ ಬಂತು. ಇಂತಿಷ್ಟು ಡಬ್ಬಿ ಎತ್ತಿದರೆ ಎರಡು ಡಬ್ಬಿ ಪುಕ್ಕಟೆ.

"ಇಷ್ಟು ಎಲ್ಲಿ ಇಡ್ಲಿರಿ ಕಾಕಾ? ನನ್ನ ತಲಿ ಮ್ಯಾಲೇನು?" ಎಂದ.

"ಮಾಲು ಬಂದ್ರ ಗಿರಾಕಿ ತಾನ ಬರ್ತಾನೋ ತಮ್ಮಾ. ರೊಕ್ಕ ನಾ ಈಗ ಕೇಳೇನೇನು?"

ಮೂರು ಪಾಳಿ ಹೋದಾಗಲೂ ಇದನ್ನೇ ಹೇಳಿದೆ. ಕೊನೆಗೆ ಒಪ್ಪಿದ. ಆ ಡಬ್ಬಿಗಳನ್ನು ಖರ್ಚು ಮಾಡಲು ಹೊಸ ಗಿರಾಕಿಯನ್ನೂ ಹುಡುಕಿಕೊಂಡ. ರಸ್ತೆ ಕೆಲಸದ ಕೂಲಿಕಾರರ ಕ್ಯಾಂಪಿಗೆ ಅಡುಗೆ ನಡೆಸುವ ಒಬ್ಬ ಗುತ್ತಿಗೆದಾರ. ದೊಡ್ಡ ಗಿರಾಕಿ. ಎಣ್ಣೆ, ಸಕ್ಕರೆ, ಬೇಳೆ ಎಲ್ಲ ಇವನಿಂದಲೇ ಒಯ್ಯತೊಡಗಿದ, ಅದೂ ಉದ್ರಿ. ಅವನ ಬಿಲ್ಲು ಮೇಲಿನಿಂದ ಪಾಸಾಗಿ ಬರಬೇಕು, ಬಂದ ಮೇಲೆ ಇವನಿಗೆ ಕೊಡಬೇಕು. ನಮಗೆ ಮೂರು ವಾರದಲ್ಲಿ ಕೊಡಬೇಕಾದ ಹಣ ಇವನ ಕೈಗೆ ಮೂರು ತಿಂಗಳಾದರೂ ಬರುವುದು ಅನುಮಾನ. ನಡುವಿನ ಆ ಗುಂಡಿಯನ್ನು ಅವನು ಏನು ಹಾಕಿ ತುಂಬುತ್ತಾನೆ ಎಂದು ನಾನು ಕೇಳಲಿಲ್ಲ. ಗಡುವಿಗೆ ಸರಿಯಾಗಿ ತುಂಬುತ್ತಿದ್ದ. ಶುಕ್ರವಾರವೂ ತುಂಬಿದ. ಅದರ ಮುಂದಿನ ಅಮಾವಾಸ್ಯೆಯ ದಿನವೂ ತುಂಬಿದ.

ಯಾದಗಿರಿಗೆ ಬಂದು ನಮ್ಮ ಸಗಟು ಸಾವುಕಾರರ ಮುಂದೆ ಹೆಮ್ಮೆಯಿಂದ ಹೇಳಿದೆ. ಅವರು ಪ್ರತಿ ಅಮಾವಾಸ್ಯೆಗೆ ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಬರುವ ಮನುಷ್ಯ. ಆ ದಿನ ತಮ್ಮ ಪೆಟ್ಟಿಗೆಯನ್ನು ತೆರೆಯುವುದೂ ಇಲ್ಲ. ಕನ್ನಡಕ ಹಣೆಗೆ ಏರಿಸಿ ನನ್ನನ್ನು ನೋಡಿದರು.

"ಅಮಾಸಿ ದಿನ ಕೊಟ್ನಾ? ಹಂಗಾರ ಅಂವಗ ಬ್ಯಾರೆ ಕಡಿ ಏನೋ ಉರಿ ಹತ್ತಿರಬೇಕು ನೋಡು. ದುಡ್ಡಿದ್ದಾಂವ ಯಾಕ ಪದ್ಧತಿ ಮುರೀತಾನ?"

"ಛೇ, ಹೊಸ ಹುಡುಗ್ರು ಸಾವುಕಾರ್ರ, ವಾರ ತಿಥಿ ನೋಡಂಗಿಲ್ಲ. ಭಾಳ ಗಟ್ಟಿ ಅಂಗಡಿ. ಮಾಲು ಇನ್ನೂ ಜಾಸ್ತಿ ಕೊಡಬಹುದು."

"ಜಿಮ್ಮಾ ನಿಂದಾ?"

"ನಂದು."

ನಾನು ಹೊಣೆ ಹೊತ್ತ ಆ ಮಾತಿನ ಮೇಲೆ ಅವನ ಉದ್ರಿಯ ಮಿತಿ ಹೆಚ್ಚಾಯಿತು. ನನ್ನ ಕಮಿಷನ್ನೂ.

ಗೋಗಿಯಲ್ಲಿ ಸತ್ಯ ಕಾಲಿಗೆ ತೊಡರಿತು. ಶಹಾಪುರದಿಂದ ಶೇರ್ ಆಟೋದಲ್ಲಿ ಅಲ್ಲಿಗೆ ಹೋಗಿ, ಬಸ್ ನಿಲ್ದಾಣದ ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ ಎಣ್ಣೆಯ ದರ ಹೇಳಿದೆ. ಅಂಗಡಿಯ ಮುದುಕ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು ನಕ್ಕ.

"ನಿಮ್ಮ ಡಬ್ಬೀನ ನಿಮಗಿಂತ ಸೋವಿ ಸಿಗ್ತದ್ರಿ ನಮಗ."

"ಹಂಗ ಹೆಂಗ ಸಿಗ್ತದ? ಕಂಪನಿಯಾಂವ ನಿಮ್ಮ ಬೀಗನೇನು?"

"ಬೀಗ ಆದ್ರ ಇನ್ನೂ ತುಟ್ಟಿ ಕೊಡ್ತಿದ್ದ ಬಿಡ್ರಿ. ನೋಡ್ರಿ ಬೇಕಾರ."

ಡಬ್ಬಿ ಎಳೆದು ಮುಂದಿಟ್ಟ. ನಮ್ಮ ಗೋದಾಮಿನ ಹಮಾಲರು ಒಂದೊಂದು ಊರಿನ ಮಾಲಿಗೆ ಒಂದೊಂದು ಬಣ್ಣದ ಗೆರೆ ಎಳೆಯುತ್ತಾರೆ, ಟೆಂಪೋದವನು ಒಂದು ಊರಿನದನ್ನು ಇನ್ನೊಂದು ಊರಲ್ಲಿ ಇಳಿಸಬಾರದೆಂದು. ಸುರಪುರದ್ದು ಹಸಿರು. ಆ ಡಬ್ಬಿಯ ಮೇಲೆ ಹಸಿರು ಗೆರೆ ಇತ್ತು. ಒಳಗೆ ಇನ್ನೂ ಡಬ್ಬಿಗಳಿದ್ದವು, ಎಲ್ಲದರ ಮೇಲೂ.

ಮುದುಕ ಕೊಂಡ ದರ ಹೇಳಿದ. ನಾವು ಸುರಪುರದವನಿಗೆ ಹಾಕಿದ ದರಕ್ಕಿಂತ ನಲವತ್ತು ರೂಪಾಯಿ ಕಡಿಮೆ. ಎಣ್ಣೆಯಲ್ಲಿ ಕಿರಾಣಿಯವನಿಗೆ ಉಳಿಯುವುದೇ ನೂರಕ್ಕೆ ಮೂರೋ ನಾಲ್ಕೋ ರೂಪಾಯಿ. ಉದ್ರಿಗೆ ಕೊಂಡ ದಿನವೇ ನಗದಿಗೆ ಸಿಗುವ ಎರಡು ರೂಪಾಯಿ ಕಳೆದುಕೊಂಡಿರುತ್ತಾನೆ. ಅದರ ಮೇಲೆ ಕೊಂಡ ದರಕ್ಕಿಂತ ಕಡಿಮೆಗೆ ಮಾರಿದರೆ, ಡಬ್ಬಿ ಹೋದಷ್ಟೂ ಮನೆಯ ಗಂಟೇ ಕರಗುತ್ತದೆ. ಹಳೆಯ ಬಿಲ್ಲು ಕಟ್ಟಲು ಹೊಸ ಮಾಲು ಎತ್ತುವುದು, ಅದನ್ನು ನಷ್ಟಕ್ಕೆ ಮಾರಿ ನಗದಿ ಮಾಡುವುದು. ಹೊರಗಿನಿಂದ ನೋಡಿದವನಿಗೆ ಮಾತ್ರ ವ್ಯಾಪಾರ ದುಪ್ಪಟ್ಟಾಗಿದೆ, ಹಣ ತಪ್ಪದೆ ಬರುತ್ತಿದೆ ಎಂದೇ ಕಾಣುತ್ತದೆ. ನನಗೆ ಹಾಗೆಯೇ ಕಂಡಿತ್ತು. ಬೇಕೆಂದೇ ಹಾಗೆ ನೋಡಿದ್ದೆ.

ಅಲ್ಲಿಂದ ನೇರ ಸುರಪುರಕ್ಕೆ ಹೋದೆ. ಬಸ್ಸಿನಲ್ಲಿ ಕೂತಾಗ ನನಗೆ ಅವನ ಚಿಂತೆ ಇರಲಿಲ್ಲ. 'ಜಿಮ್ಮಾ ನಂದು' ಎಂದಿದ್ದೆನಲ್ಲ, ಅದರ ಚಿಂತೆ.

ಅಂಗಡಿಯಲ್ಲಿ ಅವನು ಒಬ್ಬ ಹೆಣ್ಣುಮಗಳಿಗೆ ಸಕ್ಕರೆ ತೂಗುತ್ತಿದ್ದ. ಹೆಂಡತಿ ಗಲ್ಲಾದ ಹತ್ತಿರ ಕೂತಿದ್ದಳು.

"ಬರ್ರಿ ಕಾಕಾ. ಇವತ್ತ ನಿಮ್ಮ ಪಾಳಿ ಅಲ್ಲಲ್ಲ?"

"ಈ ಕಡಿ ಬಂದಿದ್ದೆ. ಮತ್ತ ಸ್ಕೀಮ್ ಬರೋದದ, ಎಷ್ಟ ಡಬ್ಬಿ ಉಳದಾವ ನೋಡ್ತೀನಿ."

ಗೋಡೆಯ ಬದಿಗೆ ಡಬ್ಬಿಗಳನ್ನು ಸಾಲಾಗಿ, ಒಂದರ ಮೇಲೊಂದು ಒಟ್ಟಿದ್ದ. ನೋಡಿದರೆ ಗೋಡೌನೇ ತುಂಬಿದಂತೆ. ಮುಂದಿನ ಸಾಲಿನ ಡಬ್ಬಿಯನ್ನು ಬೆರಳ ಗೆಣ್ಣಿನಿಂದ ಬಡಿದೆ. ತುಂಬಿದ ಡಬ್ಬಿಯ ಮಂದ ಸದ್ದು. ಕೈ ಚಾಚಿ ಹಿಂದಿನ ಸಾಲಿನದನ್ನು ಬಡಿದೆ. ಠಣ್ ಎಂದಿತು. ಅದರ ಪಕ್ಕದ್ದೂ ಠಣ್. ಅದರ ಹಿಂದಿನದೂ.

ನಾನು ತಿರುಗಿ ನೋಡಲಿಲ್ಲ. ನನ್ನ ಬೆನ್ನ ಹಿಂದೆ ಸಕ್ಕರೆ ಸುರಿಯುವ ಸದ್ದು ನಿಲ್ಲಲೇ ಇಲ್ಲ.

"ಯಪ್ಪಾ, ಒಂದ್ ಕಿಲೋ ಹೇಳೀನ್ರಿ! ತೇರು ಕಟ್ಟಾಕತ್ತೀರೇನು?" ಎಂದಳು ಗಿರಾಕಿ ಹೆಣ್ಣುಮಗಳು.

"ಆ ಅಕ್ಕಗ ಮೊದಲ ಕಟ್ಟಿ ಕೊಡ್ರಿ" ಎಂದು ಹೆಂಡತಿ ಮೆಲ್ಲಗೆ ಹೇಳಿದಳು. ಗಿರಾಕಿ ಚೀಲ ಹಿಡಿದು ಮೆಟ್ಟಿಲಿಳಿದಳು.

"ಗೋಗಿಗೆ ಎಷ್ಟ ಡಬ್ಬಿ ಕಳಿಸಿದಿ?" ಎಂದು ಕೇಳಿದೆ.

ಅವನು ಮುಚ್ಚಿಡಲಿಲ್ಲ. ಗುತ್ತಿಗೆದಾರನ ಬಿಲ್ಲು ತಡವಾಗಿದ್ದು, ನಮ್ಮ ಗಡುವು ಬಂದದ್ದು, ಊರಲ್ಲಿ ಮಾರಿದರೆ ಗೊತ್ತಾದೀತೆಂದು ಟೆಂಪೋಗೆ ಹಾಕಿ ಗೋಗಿಗೆ ಕಳಿಸಿದ್ದು, ಎಲ್ಲವನ್ನೂ ಹೇಳಿದ.

"ಒಂದ ಸಲ ಗಡುವು ತಪ್ಪಿದ್ರ ಬಜಾರದಾಗ ಹೆಸರು ಹೋಗ್ತದಲ್ರಿ ಕಾಕಾ."

"ಹೆಸರು ಉಳಸಾಕ ಅಂಗಡೀನ ಮಾರಾಕತ್ತಾರ್ರಿ" ಎಂದಳು ಹೆಂಡತಿ. "ನಾ ಹೇಳಿದ್ರ ಕೇಳವಲ್ರು. ಈಗರ ನೀವು ಹೇಳ್ರಿ. ಹೊಸ ಮಾಲು ಬ್ಯಾಡ ನಮಗ. ಇದ್ದದ್ದು ಇದ್ದಂಗ ನಿಮ್ಮ ಸಾವುಕಾರ್ರಿಗೆ ಹೇಳ್ರಿ. ದಿನಾ ಮಾರಿದ್ದರಾಗ ಇಷ್ಟಿಷ್ಟು ಅಂತ ತಗದು ವಾರಕ್ಕೊಮ್ಮಿ ಮುಟ್ಟಸ್ತೀವಿ. ಗುತ್ತೇದಾರನ ರೊಕ್ಕ ಬಂದ ದಿನ ಪೂರಾ ಮುಗಸ್ತೀವಿ."

"ಒಂದ್ ಎರಡ್ ತಿಂಗಳು ತಡೀರಿ ಸಾಕು" ಎಂದ ಅವನು.

ಇಷ್ಟು ವರ್ಷ ಲೈನ್ ತಿರುಗಿದವನು ನಾನು. ಅವಳು ಹೇಳಿದ್ದೇ ಸರಿಯಾದ ದಾರಿ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಬಾಗಿಲಿಗೆ ಬರುವ ನಗದಿ ವ್ಯಾಪಾರ ಅವರಿಗೆ ಚೆನ್ನಾಗಿಯೇ ಇತ್ತು. ಹೊಸ ಉದ್ರಿ ನಿಲ್ಲಿಸಿ, ಹಳೆಯದನ್ನು ಕಂತು ಮಾಡಿದ್ದರೆ ಅಂಗಡಿ ಸಣ್ಣದಾಗುತ್ತಿತ್ತು, ಆದರೆ ಉಳಿಯುತ್ತಿತ್ತು. ಆದರೆ ಕಂತು ಮಾಡಿದರೆ ಗಡುವು ಮೀರಿದ ಹಾಗೆ. ಆ ಮಾಲಿನ ಮೇಲಿನ ನನ್ನ ಕಮಿಷನ್ನೆಲ್ಲ ವಾಪಸು ಹೋಗುತ್ತಿತ್ತು. ಸಾವುಕಾರರ ಮುಂದೆ ತಲೆ ತಗ್ಗಿಸಬೇಕಾಗುತ್ತಿತ್ತು.

"ಸಾವುಕಾರ್ರು ಒಪ್ಪಂಗಿಲ್ಲ" ಎಂದೆ.

ನಾನು ಅವರನ್ನು ಕೇಳಿರಲೇ ಇಲ್ಲ. ಆಮೇಲೂ ಕೇಳಲಿಲ್ಲ.

"ಮತ್ತೇನ್ ಮಾಡ್ಲಿರಿ?" ಎಂದ ಅವನು.

ಆಗ ನಾನೇ ದಾರಿ ತೋರಿಸಿದೆ. ಮುದನಾಳದಲ್ಲಿ ಒಬ್ಬ ಹೆಣ್ಣುಮಗಳು ಸುತ್ತಲಿನ ರೈತರಿಂದ ತೊಗರಿ ಕೊಂಡು, ಬೇಳೆ ಮಾಡಿಸಿ ಅಂಗಡಿಗಳಿಗೆ ಹಾಕುತ್ತಿದ್ದಳು. ಹೊಸ ಗಿರಾಕಿ ಹುಡುಕುತ್ತಿದ್ದಳು. ಆಕೆಯ ಬೇಳೆ ಉದ್ರಿ ಎತ್ತು, ಬೇಗ ನಗದಿ ಮಾಡು, ನಮ್ಮ ಬಾಕಿ ಮುಗಿಸು, ಗುತ್ತಿಗೆದಾರನ ಹಣ ಬಂದಾಗ ಆಕೆಗೆ ಕೊಡು ಎಂದೆ.

"ಇವರ ಟೊಪಗಿ ಅವರ ತಲಿಗೆ, ಅವರ ಟೊಪಗಿ ಇನ್ಯಾರ ತಲಿಗಿ ಕಾಕಾ?" ಎಂದಳು ಹೆಂಡತಿ. ಗಂಡ ತಕ್ಕಡಿಯ ಮೇಲೆ ಚೆಲ್ಲಿದ ಸಕ್ಕರೆ ಒರೆಸಿದ. "ಆಕಿ ನನಗ ಕೊಡ್ತಾಳೇನ್ರಿ? ನನ್ನ ಗುರುತು ಇಲ್ಲ ಆಕಿಗೆ" ಎಂದ.

"ನಾ ಇದ್ದೀನಲ್ಲ" ಎಂದೆ.

ನಮ್ಮ ವ್ಯಾಪಾರದಲ್ಲಿ ಪತ್ತು ಎಂಬುದು ಬ್ಯಾಂಕಿನ ಕಾಗದದಲ್ಲಿ ಇರುವುದಿಲ್ಲ. ಯಾವ ಅಂಗಡಿ ಹೇಗಿದೆ ಎಂದು ಎಲ್ಲರೂ ಕೇಳುವುದು ಲೈನ್ ಮನುಷ್ಯನನ್ನು. ಅವನು ವಾರವಾರ ಒಳಗೆ ಕೂತು ಚಹಾ ಕುಡಿದು ಬರುವವನು. ಅವನು 'ಹೂಂ' ಎಂದರೆ ಮಾಲು ಹೋಗುತ್ತದೆ, ತಲೆ ಅಲ್ಲಾಡಿಸಿದರೆ ನಿಲ್ಲುತ್ತದೆ. ಆ ಹೆಣ್ಣುಮಗಳೂ ಯಾದಗಿರಿಯ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಬೇಳೆಯ ಸ್ಯಾಂಪಲ್ಲಿನ ಸಣ್ಣ ಚೀಲ.

"ಅಣ್ಣಾರ, ಸುರಪುರದಾಂವ ಭಾಳ ಮಾಲು ಕೇಳ್ಯಾನ್ರಿ. ಊರವ್ರ ತೊಗರಿ ನಾನೂ ಉದ್ರಿ ತಂದಾಕಿ, ಅವ್ರಿಗೆ ನಾ ಉತ್ತರ ಹೇಳಬೇಕು. ನೀವು ವಾರಾ ಹೋಗೋರು. ಹೆಂಗದ ಅಂಗಡಿ? ಕೊಡಬಹುದಾ?"

ಬಸ್ಸು ಹೊರಡುವ ಗದ್ದಲ. ಕಂಡಕ್ಟರ್ ಕೂಗುತ್ತಿದ್ದ. ಒಂದು ಮಾತಿನಲ್ಲಿ ತಪ್ಪಿಸಿಕೊಳ್ಳಬಹುದಿತ್ತು, 'ನನಗ ಗೊತ್ತಿಲ್ಲವ್ವಾ' ಎನ್ನಬಹುದಿತ್ತು. ನಾನು ಹೇಳಿದ್ದು ಹೀಗೆ:

"ಶುಕ್ರವಾರ ದೀಪ ಹಚ್ಚಿದ ಮ್ಯಾಲ ಸೈತ ರೊಕ್ಕ ಎಣಸಿ ಕೊಟ್ಟಾನ ತಂಗಿ ನನಗ."

"ಹೌದಾ! ಶುಕ್ರವಾರಾ?" ಅವಳ ಮುಖ ಅರಳಿತು. "ಹಂಗಾರ ಭಾಳ ನಿಯತ್ತಿನ ಮನಷ್ಯಾ ಬಿಡ್ರಿ."

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನನ್ನ ಆಯುಷ್ಯದಲ್ಲಿ ನಾನು ಹೇಳಿಲ್ಲ.

ಬೇಳೆ ಹೋಯಿತು. ಅವನು ಅದನ್ನೂ ಅವಸರಕ್ಕೆ ಬಿದ್ದು ಕಡಿಮೆಗೆ ಮಾರಿದ. ನಮ್ಮ ಬಾಕಿ ಪೂರ್ತಿ ಬಂತು. ಸಾವುಕಾರರು ಬಿಲ್ಲುಗಳ ಮೇಲೆ ಗೀಟು ಎಳೆಯುವುದನ್ನು ನಿಂತು ನೋಡಿ, "ಇನ್ ಮ್ಯಾಲ ಆ ಅಂಗಡಿಗೆ ಉದ್ರಿ ಸಾಕ್ರಿ" ಎಂದೆ.

"ಮೊನ್ನಿ ಗಟ್ಟಿ ಅಂದಿದ್ದಿ?"

"ಈಗ ನನಗ ಸಂಶೆ ಬಂದದ."

ಅವರು ಮತ್ತೇನೂ ಕೇಳದೆ ಖಾತೆ ಪುಸ್ತಕ ಮುಚ್ಚಿದರು. ಅವರ ಹಣ ಬಂದಿತ್ತು.

ನಾವು ಮಾಲು ನಿಲ್ಲಿಸಿದ್ದು ಗೊತ್ತಾಗುತ್ತಲೇ ಬೇರೆಯವರೂ ನಿಲ್ಲಿಸಿದರು. ಎಣ್ಣೆ, ಸಕ್ಕರೆ ಇಲ್ಲದ ಕಿರಾಣಿ ಅಂಗಡಿಗೆ ಸಾಬೂನು ಕೊಳ್ಳಲೂ ಯಾರೂ ಬರುವುದಿಲ್ಲ. ಒಂದೇ ಕಡೆ ಸಂತೆ ಮುಗಿಯಬೇಕು ಜನಕ್ಕೆ. ಬಾಗಿಲ ವ್ಯಾಪಾರ ಪಕ್ಕದ ಅಂಗಡಿಗೆ ಹೊರಳಿತು. ಬೇಳೆಯ ಗಡುವು ಬಂತು, ಹೋಯಿತು.

ಮುದನಾಳದ ಹೆಣ್ಣುಮಗಳು ಬಂದ ದಿನ ನಾನು ಸುರಪುರದ ಅದೇ ಬಜಾರಿನಲ್ಲಿ, ರಸ್ತೆಯ ಎದುರು ಬದಿಯ ಅಂಗಡಿಯಲ್ಲಿ ವಸೂಲಿಗೆ ಕೂತಿದ್ದೆ. ಅವಳು ಅವನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದಳು. ಜನ ನಿಂತಿದ್ದರು.

"ಊರಾಗ ನಾ ಹೆಂಗ ಮುಖ ತೋರಸ್ಲಿ? ರೊಕ್ಕ ಎಣಿಸಿದ ಹೊರತು ನಾ ಏಳಂಗಿಲ್ಲ" ಎನ್ನುತ್ತಿದ್ದಳು.

"ಗುರುತಿಲ್ಲದವಗ ಅಷ್ಟ ಮಾಲು ಯಾಕ ಕೊಟ್ಟಿಯವ್ವಾ? ಯಾರ್ ಹೇಳಿದ್ರು ನಿನಗ?" ಎಂದು ಗುಂಪಿನಲ್ಲಿ ಒಬ್ಬ ಕೇಳಿದ.



"ಯಾದಗಿರಿಯಿಂದ ಲೈನ್ ಮ್ಯಾಲ ಬರ್ತಾರಲ್ಲ, ಆ ಅಣ್ಣಾರ ಹೇಳಿದ್ರು" ಎಂದಳು.

ಅಂಗಡಿಯವನು ತಲೆ ಎತ್ತಿದ. ಜನರ ತಲೆಗಳ ನಡುವಿನಿಂದ ಎದುರು ಬದಿಯಲ್ಲಿ ಕೂತ ನನ್ನನ್ನು ಅವನು ಕಂಡ. ಇಬ್ಬರ ಕಣ್ಣೂ ಕೂಡಿದವು. ಅವನು ಬಾಯಿ ತೆರೆದರೆ ನನ್ನ ಲೈನ್ ಅಂದಿಗೇ ಮುಗಿಯುತ್ತಿತ್ತು.

"ಕಾಕಾರು ಹೇಳಿದ್ದು ಖರೇನ ಅಕ್ಕಾ" ಎಂದ. "ಆಗ ಕೊಡ್ತಿದ್ದೆ, ಈಗ ಕೈ ಸೋತದ. ಮಾಲು ಎತ್ತಿದಾಂವ ನಾ, ಮಾರಿದಾಂವ ನಾ. ಅವರನ್ನ ಯಾಕ ಎಳೀತೀರಿ? ನಿನ್ನ ರೊಕ್ಕ ನಾ ಕೊಡ್ತೀನಿ. ಏಳು, ಒಳಗ ಬಾ, ಊಟ ಮಾಡು."

ಅವನ ಹೆಂಡತಿ ಬಂದು ಆಕೆಯ ಕೈ ಹಿಡಿದು ಎಬ್ಬಿಸಿದಳು. ನಾನು ಹಿಂದಿನ ಬಾಗಿಲಿನಿಂದ ಹೊರಬಿದ್ದು ಬಸ್ ಸ್ಟ್ಯಾಂಡಿಗೆ ಹೋದೆ. ನಾನು ಕೂತಿದ್ದ ಅಂಗಡಿಯ ವಸೂಲಿಯನ್ನೂ ಮಾಡಲಿಲ್ಲ.

ಆ ಗುತ್ತಿಗೆದಾರನ ಹಣ ಬಂತು. ಅಂಗಡಿಯವನು ನನ್ನ ಹತ್ತಿರ ಬೇಡಿದ್ದ ಎರಡು ತಿಂಗಳೊಳಗೇ ಬಂತು.  ಆದರೆ ಅಷ್ಟರಲ್ಲಿ ಎಣ್ಣೆಯಲ್ಲೂ ಬೇಳೆಯಲ್ಲೂ ಆದ ನಷ್ಟ ಸೇರಿ, ಆ ಹಣ ಸಾಲದಾಗಿತ್ತು. ಅವನು ಮಳಿಗೆ ಬಿಟ್ಟು ಮುಂಗಡ ವಾಪಸು ಪಡೆದ. ರ‍್ಯಾಕು, ತಕ್ಕಡಿ, ಫ್ರಿಜ್ಜು ಮಾರಿದ. ಮುದನಾಳದವಳಿಗೆ ಪೂರ್ತಿ ಮುಟ್ಟಿಸಿದ. ಈಗ ಆ ಮಳಿಗೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ.

ಬಜಾರಿನಲ್ಲಿ ಮಾತ್ರ, "ಉದ್ರಿ ತಂದು ತಿಂದ, ಮುಳುಗಿದ" ಎಂಬ ಮಾತು ಉಳಿಯಿತು. ಗಂಡ ಹೆಂಡತಿ ಸಂತೆಯಿಂದ ಸಂತೆಗೆ ಹೋಗಿ ನೆಲದ ಮೇಲೆ ಚೀಲ ಹಾಸಿ ಕಿರಾಣಿ ಮಾರತೊಡಗಿದರು. ಯಾವ ಸಗಟು ವ್ಯಾಪಾರಿಯೂ ಅವರಿಗೆ ಒಂದು ದಿನದ ಮಟ್ಟಿಗೂ ಮಾಲು ಬಿಡುತ್ತಿರಲಿಲ್ಲ. ಕೈಯಲ್ಲಿದ್ದ ಚೂರುಪಾರು ನಗದಿಯಲ್ಲಿ ಬೇರೆ ಅಂಗಡಿಗಳಿಂದ ಕಿಲೋ ಲೆಕ್ಕದಲ್ಲಿ ಕೊಂಡು, ಅದರ ಮೇಲೆ ರೂಪಾಯಿ ಎರಡು ರೂಪಾಯಿ ಇಟ್ಟು ಮಾರಬೇಕು. ಅತಿಯಾದ ಉದ್ರಿ ಅವನ ಅಂಗಡಿಯನ್ನು ತಿಂದಿತ್ತು. ಈಗ ಉದ್ರಿಯೇ ಇಲ್ಲದ್ದರಿಂದ ಎರಡನೆಯ ಅಂಗಡಿ ಏಳುತ್ತಿರಲಿಲ್ಲ.

ಮೊಣಕಾಲು ದಿನವೂ ಬಸ್ಸು ಹತ್ತಲು ಬಿಡದಾದಾಗ ನಾನು ಕೆಲಸ ಬಿಟ್ಟೆ. ಬಿಟ್ಟ ಮೇಲೆ ಮಾಡಿದ ಮೊದಲ ಕೆಲಸ, ಆ ಅಂಗಡಿಯಿಂದ ನನಗೆ ಬಂದ ಕಮಿಷನ್ನಿನ ಹಣವನ್ನು ಎತ್ತಿಟ್ಟುಕೊಂಡು ಸುರಪುರಕ್ಕೆ ಹೋದದ್ದು. ಅವನು ಮನೆಯಲ್ಲಿರಲಿಲ್ಲ. ಹೆಂಡತಿ ಮೆಣಸಿನಕಾಯಿ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿದೆ, ಸಾವುಕಾರರನ್ನು ಕೇಳದೆಯೇ ಒಪ್ಪುವುದಿಲ್ಲ ಎಂದದ್ದನ್ನೂ ಹೇಳಿದೆ. ಹಣ ಮುಂದಿಟ್ಟೆ. ಬೇಡ ಎನ್ನುತ್ತಾಳೆಂದು ಒಳಗೊಳಗೇ ಎಣಿಸಿದ್ದೆ.

ಅವಳು ಕೈ ಒರೆಸಿಕೊಂಡು ಎಣಿಸಿದಳು. ಸೆರಗಿಗೆ ಕಟ್ಟಿಕೊಂಡಳು.

"ಇದು ನಿಮ್ಮ ಕಮಿಷನ್ನಿಂದು ಆತು. ನಮ್ಮ ಅಂಗಡೀದು?"

ನಾನು ಕಣ್ಣೊರೆಸಿಕೊಂಡೆ.

"ನನ್ನ ಮುಂದ ಅತ್ತರ ಏನ್ ಬಂತ್ರಿ ಕಾಕಾ? ಬಜಾರದಾಗ ಹೇಳ್ರಿ. ಇವರನ್ನ ಕಂಡ್ರ ಶಟರ್ ಎಳೀತಾರಲ್ಲ, ಅವರ ಮುಂದ ಹೇಳ್ರಿ."

ವಸೂಲಿಗೆ ಹೋಗುತ್ತಿದ್ದ ಅದೇ ಸಾಲಿನಲ್ಲಿ ಹೊರಟೆ. ಸುರಪುರದ ಬಜಾರು, ಆಮೇಲೆ ಶಹಾಪುರ, ಒಂದೊಂದೇ ಅಂಗಡಿ. ತಪ್ಪೆಲ್ಲ ನನ್ನದು, ಅವನಿಗೇನೂ ತಿಳಿಯದು, ನಾನು ಹೇಳಿದಂತೆ ಕುಣಿದ ಎಂದು ಹೇಳುತ್ತಾ ಹೋದೆ. ಕೆಲವರು ಚಹಾ ಕೊಟ್ಟರು. ಒಬ್ಬ, "ಕಾಕಾಗ ವಯಸ್ಸಾತು, ಮನಿಗೆ ಯಾರರ ಫೋನ್ ಮಾಡ್ರಿ" ಎಂದ. ಕೊನೆಗೆ ಯಾದಗಿರಿಗೆ ಬಂದು ಸಾವುಕಾರರ ಮುಂದೆ ನಿಂತೆ. ಹೇಳಿ ಮುಗಿಸಿ, "ಅಂವಗ ಮತ್ತ ಮಾಲು ಕೊಡ್ರಿ. ಜಿಮ್ಮಾ ನಂದು" ಎಂದೆ.

ಅವರು ಜೋರಾಗಿ ನಕ್ಕರು.

"ನಿಂದಾ? ನಿನ್ನ ಮಾತಿನ ಬೆಲಿ ಎಷ್ಟು ಅಂತ ಈಗರ ನೀನ ಹೇಳಿದೆಲ್ಲೋ. ಅದ್ರ ಮ್ಯಾಲ ನಾ ಮಾಲು ಕೊಡ್ಲಾ?"

ಎರಡು ದಿನ ಬಿಟ್ಟು ಸುರಪುರದವನು ನನ್ನ ಮನೆಗೆ ಬಂದ. ಬೈಯಲು ಬಂದಿದ್ದಾನೆ ಎಂದುಕೊಂಡೆ. ಬೈಯಲೇ ಬಂದಿದ್ದ, ಆದರೆ ನಾನು ಎಣಿಸಿದ್ದಕ್ಕಲ್ಲ.

"ಏನ್ ಹೇಳ್ಕೋತ ತಿರಗಾಕತ್ತೀರಿ ಕಾಕಾ ನೀವು? ಅಂವಗೇನೂ ತಿಳಿಯಂಗಿಲ್ಲ, ನಾ ಹೇಳ್ದಂಗ ಕುಣದಾ ಅಂತ?"

"ನಿನ್ನ ಹೆಸರು ಉಳೀಲಿ ಅಂತ ಹೇಳಿದ್ಯೋ ತಮ್ಮಾ."

"ಉಳೀತೇನು? ಮೊದಲು ಕಳ್ಳ ಅಂತಿದ್ರು, ಈಗ ದಡ್ಡ ಅನ್ನಾಕತ್ತಾರ. ಕಳ್ಳಗ ಒಂದ್ ವೇಳೆ ಮಾಲು ಕೊಟ್ಟಾರು, ಮಂದಿ ಹೇಳ್ದಂಗ ಕುಣಿಯೋ ದಡ್ಡಗ ಯಾರ್ ಕೊಡ್ತಾರ್ರಿ? ನಷ್ಟಕ್ಕ ಡಬ್ಬಿ ಮಾರಿದಾಂವ ನಾ. ಹೇಣ್ತಿ ಮಾತು ಕೇಳದಾಂವ ನಾ. ನಿಮ್ಮ ಪಾಲು ನೀವು ಹೇಳ್ರಿ, ನನ್ನ ಪಾಲು ನನಗ ಬಿಡ್ರಿ. ಅದ್ರ ಸಂಗಟ ಇನ್ನೊಂದು ಹೇಳಬೇಕಿತ್ತು, ಅದನ್ನ ನೀವು ಒಂದ್ ಅಂಗಡ್ಯಾಗೂ ಹೇಳಿಲ್ಲ."

"ಯಾವುದು?"

"ಎಲ್ಲಾರ ರೊಕ್ಕಾನೂ ಕೊಟ್ಟೀನಿ ಅಂತ."

ಕಾಲು ಸಾಗುವಷ್ಟು ದೂರ ಮತ್ತೆ ಹೋಗಿ ಹೇಳಿ ಬಂದೆ. ಮೊದಲು ಕಿವಿಗೊಟ್ಟವಳು ಮುದನಾಳದ ಆ ಹೆಣ್ಣುಮಗಳೇ. ನಾನು ಹೇಳಿದ್ದನ್ನೆಲ್ಲ ಕೇಳಿ, "ನಿಮ್ಮ ಮಾತು ನಂಬಿ ಮಾಲು ಕೊಟ್ಟೆ, ಅಂವ ತನ್ನ ಮಾತಿಗೆ ರೊಕ್ಕ ಕೊಟ್ಟ" ಎಂದಳು. ಈಗ ಅವನ ಸಂತೆಗೆ ವಾರಕ್ಕೆ ಎರಡು ಚೀಲ ಬೇಳೆ ಉದ್ರಿ ಹಾಕುತ್ತಾಳೆ. ನನ್ನನ್ನು ಕೇಳಲಿಲ್ಲ.

ಎಣ್ಣೆ, ಸಕ್ಕರೆ ಹಾಕುವವರು ಇನ್ನೂ ಯಾರೂ ಮುಂದೆ ಬಂದಿಲ್ಲ. ನಡೆದು ಹೋಗಿ ಹೇಳುವ ಶಕ್ತಿ ನನ್ನಲ್ಲಿ ಉಳಿದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದುವವರಲ್ಲಿ ನಮ್ಮ ಕಡೆಯ ಸಗಟು ವ್ಯಾಪಾರಿಗಳು ಇದ್ದರೆ, ಸಂತೆಯಲ್ಲಿ ಕೂತ ಒಬ್ಬನು ಬಂದು ಒಂದು ವಾರದ ಮಟ್ಟಿಗೆ ಮಾಲು ಕೇಳಬಹುದು. ಅವನು ಒಮ್ಮೆ ದಾರಿ ತಪ್ಪಿ ವ್ಯಾಪಾರ ಮಾಡಿದ್ದಾನೆ. ಅಂಗಡಿ ಕಳೆದುಕೊಂಡಿದ್ದಾನೆ. ಯಾರ ಒಂದು ರೂಪಾಯಿಯನ್ನೂ ಉಳಿಸಿಕೊಂಡಿಲ್ಲ. ನನ್ನ ಮಾತು ನಂಬಬೇಡಿ, ಅವನಿಗೆ ಮಾಲು ಹಾಕಿದವರನ್ನು ಕೇಳಿ ನೋಡಿ.